ಮೂರು ಕೆಂಪು ದಾರ

ಜುಲೈ 6

ಗುಂಡುಪಿನ್ನಿಗೆ,

ನೀನು ಹೋಗಿ ಹದಿನೆಂಟು ದಿನವಾಯಿತು. ಇಷ್ಟರಲ್ಲಿ ಐದು ಸಲ ಫೋನ್ ಮಾಡಿದ್ದೀಯ. ಐದೂ ಸಲ ಅಪ್ಪ ಸ್ಪೀಕರ್ ಹಾಕಿ ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಹೊಲಿಗೆ ಯಂತ್ರ ರಿಪೇರಿಗೆ ತಂದ ಗಿರಾಕಿಗಳೆಲ್ಲ ನಿನ್ನ ಹಾಸ್ಟೆಲ್ ಊಟದ ಬಗ್ಗೆ ತಮ್ಮ ತಮ್ಮ ಅಭಿಪ್ರಾಯ ಹೇಳಿಯಾಯಿತು. ಆ ಸಂತೆಯಲ್ಲಿ ಅಕ್ಕತಂಗಿ ಮಾತಾಡುವುದು ಹೇಗೆ? ಅದಕ್ಕೇ ಈ ಕಾಗದ. ಮೂರುನಾಲ್ಕು ದಿನ ತಡವಾದರೂ ನನ್ನ ಮಾತು ನಿನ್ನೊಬ್ಬಳಿಗೇ ತಲುಪುತ್ತದೆ.

ಇಲ್ಲಿ ಹೇಳುವಂಥ ಹೊಸದೇನಿಲ್ಲ. ಅಪ್ಪನ ಬಲಗೈ ಈಗ ಸ್ಕ್ರೂಡ್ರೈವರ್ ಹಿಡಿಯುತ್ತದೆ, ಆದರೆ ಸೂಜಿಗೆ ದಾರ ಪೋಣಿಸು ಎಂದರೆ ಮುಷ್ಕರ ಹೂಡುತ್ತದೆ. ಅದು ಅಮ್ಮನ ಪಾಲಿನ ಕೆಲಸ. ನಿನ್ನೆ ದರ್ಜಿಯಮ್ಮ ಒಬ್ಬಳು ಎದುರಿಗೇ ಕೂತು ಅವಸರ ಮಾಡಿದಳೆಂದು ಅಪ್ಪ ನಾಲ್ಕನೆಯ ಮಷೀನ್ ಬಿಚ್ಚಲು ಹೊರಟರು. ನಾನು ಗೋಡೆಯ ಮೊಳೆ ತೋರಿಸಿದೆ. ಮೊಳೆ ಖಾಲಿ. ಮೂರು ಕೆಂಪು ದಾರವೂ ಮೂರು ಮಷೀನಿನ ಚಕ್ರಕ್ಕೆ ಕಟ್ಟಿಕೊಂಡಿವೆ, ಒಂದು ಮುಗಿಯುವವರೆಗೆ ಇನ್ನೊಂದು ಬಿಚ್ಚುವ ಹಾಗಿಲ್ಲ. "ನಿನ್ನ ದಾರಕ್ಕಿರೋ ಮರ್ಯಾದೆ ಈ ಮನೇಲಿ ನನಗಿಲ್ಲ" ಎಂದು ಗೊಣಗಿದರು. ಆದರೂ ಬಿಚ್ಚಲಿಲ್ಲ.

ಈಗ ನನ್ನ ಪ್ರಶ್ನೆಗಳು. ನಾನೂ ಇದೇ ಕೋರ್ಸಿಗೆ ಸೇರಿ ಅಲ್ಲಿ ಹನ್ನೊಂದು ದಿನ ಇದ್ದವಳು. ಹನ್ನೆರಡನೆಯ ದಿನ ಬೆಳಿಗ್ಗೆ ಲಕ್ವ ಹೊಡೆದು ಅಪ್ಪನ ಕೈ ಬಿದ್ದುಹೋದ ಸುದ್ದಿ ಬಂತು, ಬಸ್ ಹತ್ತಿದೆ. ಏಳು ವರ್ಷವಾಯಿತು. ಆದರೂ ಹನ್ನೊಂದು ದಿನದಷ್ಟು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಲೈಬ್ರರಿಯ ಮೂರನೇ ಮಹಡಿಯಲ್ಲಿ ಎಡಗಡೆಯ ಕೊನೆಯ ಕಿಟಕಿ ಇದೆಯಲ್ಲ, ಅದರ ಪಕ್ಕದ ಮೇಜು ಈಗಲೂ ಕುಂಟುತ್ತದೆಯೇ? ನಾನು ಬಸ್ ಟಿಕೆಟ್ ಮಡಚಿ ಅದರ ಕಾಲಿಗೆ ಕೊಟ್ಟಿದ್ದೆ. ಮೊದಲನೇ ವರ್ಷದವರಿಗೆ ಈಗಲೂ ಆ ಗಾಜಿನ ಗೋಡೆಯ ಕೋಣೆಯಲ್ಲೇ ಪಾಠವೇ? ಎಲ್ಲ ವಿವರವಾಗಿ ಬರೆ. ಚೆನ್ನಾಗಿದೆ, ಪರವಾಗಿಲ್ಲ ಎಂದು ಎರಡು ಮಾತಿನಲ್ಲಿ ಮುಗಿಸಬೇಡ.

ನಿನ್ನ ಅಕ್ಕ


ಜುಲೈ 15

ಮೇಸ್ತ್ರಿಯವರಿಗೆ,

ನಿನ್ನ ಕಾಗದ ಓದಿ ಒಬ್ಬಳೇ ಕೂತು ನಕ್ಕೆ. ನನಗೆ ಬುದ್ಧಿ ಕೆಟ್ಟಿದೆ ಎಂದು ರೂಮಿನವಳು ತೀರ್ಮಾನಿಸಿದಳು. ಅವಳು ನಲ್ಲಿ ರಿಪೇರಿಯವರ ಮಗಳು. ಗೋಡೆಗೆ ಕಿವಿಯಿಟ್ಟು ಎಲ್ಲಿ ನೀರು ಸೋರುತ್ತಿದೆ ಎಂದು ಹೇಳಿಬಿಡುತ್ತಾಳೆ. ನನ್ನ ಜೊತೆ ಇರಲು ಅವಳೇ ತಕ್ಕವಳು.

ಓದಿನ ವಿಷಯ ಹೇಳುತ್ತೇನೆ. ಬೆಳಿಗ್ಗೆ ತಂತ್ರಜ್ಞಾನದ ಪಾಠ, ಮಧ್ಯಾಹ್ನ ನಿರ್ವಹಣೆಯ ಪಾಠ. ಬೆಳಿಗ್ಗೆ ಮಷೀನ್ ಯಾಕೆ ನಿಂತಿತು ಎಂದು ಕೇಳುತ್ತಾರೆ, ಮಧ್ಯಾಹ್ನ ಮನುಷ್ಯ ಯಾಕೆ ನಿಂತ ಎಂದು ಕೇಳುತ್ತಾರೆ. ಎರಡಕ್ಕೂ ನನ್ನ ಉತ್ತರ ಒಂದೇ, ಗೊತ್ತಿಲ್ಲ. ಪಕ್ಕದಲ್ಲಿ ಕೂರುವವರೆಲ್ಲ ಹುಟ್ಟುವಾಗಲೇ ಕಂಪ್ಯೂಟರ್ ಹಿಡಿದುಕೊಂಡು ಬಂದವರ ಹಾಗೆ ಕಾಣುತ್ತಾರೆ.

ನಿನ್ನ ಕಿಟಕಿ ಸಿಕ್ಕಿತು. ಮೇಜು ಇವತ್ತಿಗೂ ಕುಂಟುತ್ತದೆ. ಈಗ ನಾವು ನಾಲ್ಕು ಜನ ದಿನಾ ಅಲ್ಲೇ ಕೂರುತ್ತೇವೆ. ಒಬ್ಬರು ಬರೆಯುವಾಗ ಇನ್ನೊಬ್ಬರು ಮೊಣಕೈ ಊರಿದರೆ ಅಕ್ಷರವೆಲ್ಲ ಸೊಟ್ಟ, ಅದೇ ಮಜಾ. ಗಾಜಿನ ಗೋಡೆಯ ಕೋಣೆಯಲ್ಲೇ ಪಾಠ. ನನ್ನ ಜಾಗ ಎರಡನೇ ಸಾಲು.

ಇನ್ನೊಂದು ಖುಷಿಯ ವಿಷಯ. ನಿನ್ನ ಟ್ರಂಕಿನ ಮುಚ್ಚಳದ ಒಳಗೆ ನಿನ್ನ ಕೈಬರಹದ ವೇಳಾಪಟ್ಟಿ ಅಂಟಿಕೊಂಡೇ ಇತ್ತು. ನನ್ನದನ್ನು ಅದರ ಮೇಲೆಯೇ ಅಂಟಿಸಿದೆ. ಅಳತೆ ತೆಗೆದ ಹಾಗೆ ಸರಿಯಾಗಿ ಕೂತಿತು. ನೋಡು, ನೀನು ನನಗೆಂದೇ ಜಾಗ ಮಾಡಿಟ್ಟು ಹೋಗಿದ್ದ ಹಾಗಿದೆ.

ಗುಂಡುಪಿನ್ನು


ಆಗಸ್ಟ್ 20

ಗುಂಡುಪಿನ್ನಿಗೆ,

ನಿನ್ನ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಕೆಲಸವಿತ್ತು ಎಂದು ಬರೆಯಬಹುದಿತ್ತು. ಕೆಲಸ ಯಾವಾಗಲೂ ಇರುತ್ತದೆ. ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ.

ಅಳತೆ ತೆಗೆದ ಹಾಗೆ ಸರಿಯಾಗಿ ಕೂತಿತು ಎಂದು ಬರೆದಿದ್ದೀಯ. ಸಂತೋಷ.

ಮೊನ್ನೆ ನಡೆದದ್ದು ಕೇಳು. ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ ತನ್ನ ಹಳೇ ಮಷೀನ್ ತಂದಿದ್ದ. ನಾನು ಬೆಂಚಿನ ಕೆಳಗೆ ಬಗ್ಗಿ ಬೆಲ್ಟ್ ಬಿಗಿಯುತ್ತಿದ್ದೆ, ಮೊಣಕೈವರೆಗೂ ಎಣ್ಣೆ. ಮೇಲೆ ಅಪ್ಪನ ಭಾಷಣ ನಡೆದಿತ್ತು. "ನನ್ನ ಮಗಳು ಯೂನಿವರ್ಸಿಟೀಲಿ ಓದ್ತಿದಾಳೆ. ತಂತ್ರಜ್ಞಾನ, ವ್ಯವಹಾರ ನಿರ್ವಹಣೆ, ಎರಡೂ ಒಂದೇ ಡಿಗ್ರೀಲಿ. ಮುಂದೆ ದೊಡ್ಡ ಫ್ಯಾಕ್ಟರಿ ನಡೆಸೋಳು ಅವಳು." ದರ್ಜಿ ಬಗ್ಗಿ ನನ್ನನ್ನು ನೋಡಿ "ಮತ್ತೆ ಇವಳು?" ಎಂದ. ಅಪ್ಪ ಒಂದು ಕ್ಷಣ ಯೋಚಿಸಿ "ಇವಳು ಇಲ್ಲೇ ಇದ್ದಾಳೆ" ಎಂದರು.

ಏಳು ವರ್ಷ ಈ ಅಂಗಡಿಯನ್ನು ಎಬ್ಬಿಸಿ ನಿಲ್ಲಿಸಿದ್ದಕ್ಕೆ ನನಗೆ ಸಿಕ್ಕ ಪದವಿ ಅದು. ಅಪ್ಪ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಎಂದುಕೊಳ್ಳಬೇಡ. ಎಂದುಕೊಂಡರೂ ತಪ್ಪಿಲ್ಲ. ಕಿಟಕಿಯ ಹತ್ತಿರ ನಾಲ್ಕು ಜನ ಕೂರುತ್ತೀರಿ ಎಂದು ಓದಿದ ದಿನ ಊಟ ಸೇರಲಿಲ್ಲ. ಆ ಮೇಜಿನಲ್ಲಿ ನಾನು ಒಬ್ಬಳೇ ಕೂರುತ್ತಿದ್ದೆ.

ಓದಿ ಮುಗಿಸಿದ ನೋಟ್ಸ್, ಹಳೇ ಪುಸ್ತಕ ಏನಾದರೂ ಇದ್ದರೆ ಕಳಿಸು. ಇಲ್ಲಿ ಬೆಂಚಿನ ಒಂದು ಕಾಲು ಗಿಡ್ಡವಾಗಿದೆ, ಕೆಳಗೆ ಕೊಡಲು ಬೇಕು.

ಅಕ್ಕ


ನವೆಂಬರ್ 2

ಮೇಸ್ತ್ರಿ,

ತಡವಾಯಿತು, ಬೈಯಬೇಡ. ಪುಸ್ತಕದ ಕಟ್ಟು ತಲುಪಿತೇ? ಆರು ಪುಸ್ತಕ, ಮೂರು ನೋಟ್ಸ್. ಬೆಂಚಿನ ಕಾಲು ಅಷ್ಟೊಂದು ಗಿಡ್ಡವಾಗಿದ್ದರೆ ಬಡಗಿಯನ್ನು ಕರೆಸು. ದರ್ಜಿಯ ಕಥೆ ಓದಿ ನಗು ಬಂತು. ಅಪ್ಪನ ಬಾಯಿ ನಮಗೆ ಗೊತ್ತಿಲ್ಲವೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಮುಖ್ಯ ವಿಷಯ. ಮೊದಲನೇ ವರ್ಷಕ್ಕೆ ಒಂದು ದೊಡ್ಡ ಪ್ರಾಜೆಕ್ಟ್ ಇದೆ. ಕೆಲಸ ನಡೆಯುವ ಜಾಗಕ್ಕೆ ಹೋಗಿ, ಅಲ್ಲಿನ ಕೆಲಸ ಮೊದಲಿಗಿಂತ ಸರಾಗವಾಗುವ ಹಾಗೆ ಮಾಡಿ ತೋರಿಸಬೇಕು. ಇದರಲ್ಲಿ ಪಾಸಾಗದಿದ್ದರೆ ಎರಡನೇ ವರ್ಷಕ್ಕೆ ಸೇರಿಸುವುದಿಲ್ಲ. ಎಲ್ಲರೂ ಕಂಪ್ಯೂಟರಿನಲ್ಲಿ ಏನೇನೋ ಬಣ್ಣದ ಚಿತ್ರ ತೋರಿಸಿದರು. ನನಗೆ ಏನೂ ಹೊಳೆಯಲಿಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತು ನಮ್ಮ ಅಂಗಡಿಯ ದಾರದ ವಿಷಯ ಹೇಳಿಬಿಟ್ಟೆ. ಮಷೀನ್ ಯಾವ ಹಂತದಲ್ಲಿದೆಯೋ ಆ ಬಣ್ಣದ ದಾರ ಅದರ ಚಕ್ರಕ್ಕೆ, ಬಾಗಿಲಲ್ಲಿ ನಿಂತವರಿಗೂ ಅಂಗಡಿಯ ಸ್ಥಿತಿ ಗೊತ್ತಾಗುತ್ತದೆ ಎಂದೆ. ಪಾಠ ಹೇಳುವ ಮೇಡಂ ಕುರ್ಚಿಯಿಂದ ಎದ್ದರು. ಅವರು ಹಾಗೆ ಏಳುವವರಲ್ಲ. ತರಗತಿಯವರು ಚಪ್ಪಾಳೆ ತಟ್ಟಿದರು. ಇಲ್ಲಿಗೆ ಬಂದ ಮೇಲೆ ನನ್ನ ಮುಖ ಯಾರಾದರೂ ನೋಡಿದ್ದು ಅದೇ ಮೊದಲು.

ಬಾಡಿಗೆ ಸೈಕಲ್ ಕಂಪನಿಯೊಂದು ತಮ್ಮ ರಿಪೇರಿ ಶೆಡ್ಡಿನಲ್ಲಿ ಪರೀಕ್ಷೆ ಮಾಡಲು ಒಪ್ಪಿದೆ. ಜನವರಿಯಲ್ಲಿ ಎರಡು ವಾರ. ತೊಂದರೆ ಏನೆಂದರೆ ನನಗೆ ಬಣ್ಣ ಗೊತ್ತು, ನಿಯಮ ಸರಿಯಾಗಿ ಗೊತ್ತಿಲ್ಲ. ನಾನು ಅಂಗಡಿಗೆ ಬಂದರೆ ಸಾಕು, ಹೋಗಿ ಓದು ಎಂದು ನೀನೇ ಅಟ್ಟುತ್ತಿದ್ದೆಯಲ್ಲ. ನಮ್ಮ ಪದ್ಧತಿಯನ್ನು ಮೊದಲಿಂದ ಕೊನೆವರೆಗೆ ಬಿಡಿಸಿ ಬರೆ.

ಗುಂಡುಪಿನ್ನು


ನವೆಂಬರ್ 9

ನನ್ನ ಮುದ್ದು ತಂಗಿಗೆ,

ನಿನ್ನ ಕಾಗದ ಓದಿ ಬಹಳ ಹೆಮ್ಮೆಯಾಯಿತು. ನಮ್ಮ ಅಂಗಡಿಯ ದಾರ ಅಷ್ಟು ದೂರ ಹೋಗಿ ಚಪ್ಪಾಳೆ ಗಿಟ್ಟಿಸಿತು ಎಂದರೆ ಯಾರಿಗೆ ಬೇಡ?

ನೀನು ಕೇಳಿದ್ದು ಇಲ್ಲಿದೆ. ಬಂದ ಮಷೀನಿಗೆ ದಾರವಿಲ್ಲ, ಅದು ಬಾಗಿಲ ಪಕ್ಕ ಕಾಯುತ್ತದೆ. ಬಿಚ್ಚಿದ ಕೂಡಲೇ ಕೆಂಪು ದಾರ. ಬಿಡಿಭಾಗಕ್ಕಾಗಿ ಕಾಯಬೇಕಾದರೆ ಕೆಂಪು ಬಿಚ್ಚಿ ಹಳದಿ ಕಟ್ಟಿ ಗೋಡೆಯ ಕಡೆಗೆ ಸರಿಸಬೇಕು. ರಿಪೇರಿ ಮುಗಿದು ಬಟ್ಟೆಯ ಮೇಲೆ ಹೊಲಿದು ನೋಡುವುದು ಬಾಕಿ ಇದ್ದರೆ ಹಸಿರು. ಎಲ್ಲ ಸರಿಯಿದ್ದು ಒಯ್ಯಲು ಸಿದ್ಧವಾದರೆ ಬಿಳಿ. ಒಂದು ಮಷೀನಿಗೆ ಒಂದೇ ದಾರ, ಎರಡು ಬಣ್ಣ ಎಂದೂ ಒಟ್ಟಿಗೆ ಇರಬಾರದು. ದಾರ ಬದಲಾಯಿಸುವವರು ಅದನ್ನು ರಿಪೇರಿ ಮಾಡಿದವರೇ ಆಗಿರಬೇಕು.

ಎಲ್ಲ ಬಣ್ಣದ ದಾರದ ಉಂಡೆಗಳನ್ನೂ ಮೇಜಿನ ಮೇಲೆ ಇಡಿ, ಕೆಂಪನ್ನೂ. ಒಂದೊಂದು ಬಿಚ್ಚಿದಾಗ ಒಂದೊಂದು ತುಂಡು ಕತ್ತರಿಸಿ ಕಟ್ಟಿದರಾಯಿತು. ಎಷ್ಟು ಬೇಕಾದರೂ ಕತ್ತರಿಸಬಹುದು, ಅದಕ್ಕೆ ಮಿತಿಯೇನಿಲ್ಲ.

ಇಷ್ಟೇ. ಸರಳವಾಗಿದೆ. ಚೆನ್ನಾಗಿ ಮಾಡು.

ಪ್ರೀತಿಯ ಅಕ್ಕ


ಡಿಸೆಂಬರ್ 14

ಗುಂಡುಪಿನ್ನಿಗೆ,

ಹೋದ ತಿಂಗಳು ನಾನು ಬರೆದದ್ದು ತಲುಪಿತು ಎಂದು ನೀನು ಫೋನಿನಲ್ಲಿ ಹೇಳಿದೆ. ಅಷ್ಟೇ ಹೇಳಿದೆ. ಸ್ಪೀಕರಿನಲ್ಲಿ ನಾನೂ ಹೆಚ್ಚು ಕೇಳಲಾರದೆ ಹೋದೆ.

ಸೈಕಲ್ ಶೆಡ್ಡಿನ ಜನಕ್ಕೆ ಎಲ್ಲ ಹೇಳಿಕೊಟ್ಟೆಯಾ? ಎಲ್ಲವನ್ನೂ ನಾನು ಬರೆದ ಹಾಗೆಯೇ ಮಾಡಬೇಕೆಂದಿಲ್ಲ. ನಿನಗೆ ಏನಾದರೂ ಸರಿ ಕಾಣದಿದ್ದರೆ ಕೇಳು. ನೀನು ಕೇಳಿದರೆ ನಾನು ಹೇಳುತ್ತೇನೆ. ಸುಮ್ಮನೆ ಬರೆದೆ.

ನಿನ್ನ ಪುಸ್ತಕಗಳಲ್ಲಿ ನಾಲ್ಕು ಓದಿ ಮುಗಿಯಿತು. ಬೆಂಚಿನ ಕಾಲು ಸರಿಯಾಗಿಯೇ ಇದೆ, ಮೊದಲಿಂದಲೂ ಸರಿಯಾಗಿಯೇ ಇತ್ತು. ಅಂಗಡಿ ಬಾಗಿಲು ತೆಗೆಯುವ ಮೊದಲು ದಿನಾ ಒಂದು ಗಂಟೆ ಓದುತ್ತೇನೆ. ಅಮ್ಮನಿಗೆ ಮಾತ್ರ ಗೊತ್ತು. ಎರಡನೇ ಪುಸ್ತಕದ ಏಳನೇ ಪಾಠದಲ್ಲಿ ನೀನು ಅಂಚಿನಲ್ಲಿ "ಅರ್ಥವಾಗಲಿಲ್ಲ" ಎಂದು ಮೂರು ಕಡೆ ಬರೆದಿದ್ದೀಯ. ನನಗೆ ಮೂರೂ ಅರ್ಥವಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲ.

ಅಕ್ಕ


ಜನವರಿ 24

ಅಕ್ಕ,

ಪ್ರಾಜೆಕ್ಟ್ ಮುಳುಗಿತು.

ಶೆಡ್ಡಿನಲ್ಲಿ ಮೊದಲು ದಿನಕ್ಕೆ ಎಂಟು ಸೈಕಲ್ ರಿಪೇರಿಯಾಗಿ ಹೊರಗೆ ಹೋಗುತ್ತಿದ್ದವು. ದಾರ ಕಟ್ಟಲು ಶುರು ಮಾಡಿದ ಒಂಬತ್ತನೆಯ ದಿನ ಹೊರಗೆ ಹೋದದ್ದು ಎರಡು. ಯಾರಿಗೆ ಯಾವುದು ಸುಲಭ ಕಂಡಿತೋ ಅದನ್ನು ಬಿಚ್ಚಿದರು, ಕಷ್ಟ ಬಂದ ಕೂಡಲೇ ಬಿಟ್ಟು ಇನ್ನೊಂದು ಬಿಚ್ಚಿದರು. ಎಲ್ಲಕ್ಕೂ ಶಿಸ್ತಾಗಿ ಕೆಂಪು ದಾರ ಕಟ್ಟಿದರು. ಅದರಲ್ಲಿ ತಪ್ಪು ಮಾಡಲಿಲ್ಲ. ಮೂವತ್ತೊಂದು ಸೈಕಲ್ ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿದ್ದವು. ಯಾವ ಚೈನು ಯಾವುದರದ್ದು ಎಂದು ಹುಡುಕುವುದೇ ಒಂದು ಕೆಲಸವಾಯಿತು. ಶೆಡ್ಡಿನ ಮೇಲ್ವಿಚಾರಕರು ಎಲ್ಲರ ಮುಂದೆ, "ತಾಯಿ, ಶೆಡ್ಡು ತುಂಬ ದಾರ ಇದೆ, ಓಡೋ ಸೈಕಲ್ ಒಂದೂ ಇಲ್ಲ. ನಿಮ್ಮ ಉಂಡೆ ತಗೊಂಡು ಹೋಗಿ ಸ್ವೆಟರ್ ಹೆಣೀರಿ" ಎಂದರು. ಜೊತೆಗೆ ಬಂದಿದ್ದ ನನ್ನ ತರಗತಿಯವರೂ ನಕ್ಕರು. ಚಪ್ಪಾಳೆ ತಟ್ಟಿದವರೇ.

ಫೆಬ್ರವರಿ ಹತ್ತಕ್ಕೆ ಮೇಡಂ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಎಲ್ಲಿ ತಪ್ಪಾಯಿತು ಎಂದು ಅವತ್ತು ವಿವರಿಸಬೇಕು. ಆಗದಿದ್ದರೆ ಗಂಟುಮೂಟೆ ಕಟ್ಟಬೇಕು.

ನಿನ್ನೆ ನಿನ್ನ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಓದಿದೆ. ಜುಲೈ ಕಾಗದದಲ್ಲಿ ಕೆಂಪು ದಾರ ಮೂರೇ ಎಂದಿದೆ, ಅಪ್ಪ ನಾಲ್ಕನೆಯದು ಬಿಚ್ಚಲು ಹೋದಾಗ ನೀನು ಖಾಲಿ ಮೊಳೆ ತೋರಿಸಿದ್ದೀಯ. ನವೆಂಬರ್ ಕಾಗದದಲ್ಲಿ ಎಷ್ಟು ಬೇಕಾದರೂ ಎಂದಿದೆ. ಇದು ನನಗೆ ನಿನ್ನೆ ಕಂಡದ್ದಲ್ಲ. ನವೆಂಬರಿನಲ್ಲೇ ಕಂಡಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ, ಅಕ್ಕ ಕೆಲಸದ ವಿಷಯದಲ್ಲಿ ತಪ್ಪು ಬರೆಯುವವಳಲ್ಲ, ಇದಕ್ಕಿಂತ ಒಳ್ಳೆಯದೇನೋ ಕಂಡುಕೊಂಡು ಬದಲಾಯಿಸಿರಬೇಕು, ನನ್ನ ಬುದ್ಧಿಗೆ ಎಟುಕುತ್ತಿಲ್ಲ ಅಷ್ಟೇ, ಎಂದುಕೊಂಡೆ. ಅದಕ್ಕೇ ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಎಷ್ಟು ದಾರ?


ಜನವರಿ 28

ಗುಂಡುಪಿನ್ನಿಗೆ,

ಇದರಲ್ಲಿ ಎರಡು ಹಾಳೆಗಳಿವೆ. ಎರಡನೆಯದು ನಿನ್ನ ಮೇಡಂಗೆ ತೋರಿಸಲು. ಇದು ನಿನಗೆ ಮಾತ್ರ.

ಮೂರು. ಯಾವಾಗಲೂ ಮೂರೇ. ಅಪ್ಪನ ಕೈಗೆ ಒಂದು, ನನ್ನ ಕೈಗೆ ಎರಡು. ಬದಲಾಯಿಸಿಲ್ಲ. ನಾನು ನಿನಗೆ ಬೇಕೆಂದೇ ಸುಳ್ಳು ಬರೆದೆ.

ಕಾರಣ ನಿನಗೆ ಬೇಕು. ನನ್ನ ಬಳಿ ಇರುವುದು ಒಂದೇ, ಹೊಟ್ಟೆಕಿಚ್ಚು. ಆಗಸ್ಟಿನಲ್ಲಿ ಅದನ್ನು ತಮಾಷೆಯ ಹಾಗೆ ಬರೆದೆ, ನೀನು ತಮಾಷೆಯೆಂದೇ ಓದಿದೆ. ಆ ಮೇಜು, ಆ ಟ್ರಂಕು, ಆ ಗಾಜಿನ ಕೋಣೆಯ ಎರಡನೇ ಸಾಲು, ಎಲ್ಲ ನಿನಗೆ ಸಿಕ್ಕಿತು. ನಾನೇ ನಿನ್ನನ್ನು ಹೋಗಿ ಓದು ಎಂದು ಅಟ್ಟಿದವಳು, ನೀನು ಹೋಗಿ ಓದಿದರೆ ನನಗೇ ತಡೆಯಲಾಗಲಿಲ್ಲ. ಅಷ್ಟನ್ನೂ ಹೇಗೋ ನುಂಗಿಕೊಂಡಿದ್ದೆ. ಆದರೆ ಆ ದಾರ ನನ್ನದು. ಅಪ್ಪ ಹಾಸಿಗೆ ಹಿಡಿದಿದ್ದಾಗ ಹದಿನಾಲ್ಕು ಮಷೀನುಗಳನ್ನು ಒಟ್ಟಿಗೆ ಬಿಚ್ಚಿ ಹಾಕಿಕೊಂಡು, ಯಾವುದನ್ನೂ ಮುಗಿಸಲಾಗದೆ ನೆಲದ ಮೇಲೆ ಕೂತು ಅತ್ತಿದ್ದೇನೆ. ಆ ಅಳುವಿನಿಂದ ಎದ್ದು ಕತ್ತರಿಸಿದ ದಾರ ಅದು. ನೀನು "ನಮ್ಮ ಪದ್ಧತಿ" ಎಂದು ಬರೆದೆ. ನನ್ನ ಇಡೀ ಜೀವನದಲ್ಲಿ ನಾನೇ ಕಂಡುಹಿಡಿದದ್ದು ಅದೊಂದು, ಅದಕ್ಕೂ ಚಪ್ಪಾಳೆ ನಿನಗೇ ಬಿತ್ತು.

ನಿನ್ನ ಶೆಡ್ಡಿನಲ್ಲಿ ಹೀಗೇ ಆಗುತ್ತದೆಂದು ನನಗೆ ಗೊತ್ತಿತ್ತು. ಎಷ್ಟು ದಿನದಲ್ಲಿ ಎಂದೂ ಗೊತ್ತಿತ್ತು. ಎರಡು ವಾರ ಹಿಡಿಯುವುದಿಲ್ಲ ಎಂದು ಎಣಿಸಿದ್ದೆ. ಡಿಸೆಂಬರಿನಲ್ಲಿ ನೀನು ಕೇಳಿದರೆ ಹೇಳುತ್ತೇನೆ ಎಂದು ಬರೆದದ್ದು ನೆನಪಿದೆಯೇ? ಕೇಳದೆಯೇ ಹೇಳುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ. ನೀನು ನೋಡಿದರೆ ನನ್ನ ಮೇಲಿನ ನಂಬಿಕೆಯಿಂದ ಕೇಳದೆ ಕೂತಿದ್ದೆ. ಆ ಸಾಲು ಓದಿದ ಮೇಲೆ ಕನ್ನಡಿ ನೋಡಲು ಆಗುತ್ತಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ನೀನು ಮೊದಲು ಪಾಸಾಗು.

ಅಕ್ಕ

(ಎರಡನೆಯ ಹಾಳೆ)

ಕೆಂಪು ದಾರಗಳನ್ನು ಮೊದಲೇ ಎಣಿಸಿ ಕತ್ತರಿಸಿ ಮೊಳೆಗೆ ತೂಗುಹಾಕಬೇಕು. ಉಂಡೆಯನ್ನು ಬೀಗ ಹಾಕಿ ಇಡಬೇಕು. ಕೆಲಸಗಾರರ ಕೈ ಎಷ್ಟು ಕೆಲಸ ಹಿಡಿದೀತೋ ಅಷ್ಟೇ ದಾರ. ಮೊಳೆ ಖಾಲಿಯಿದ್ದರೆ ಹೊಸ ಕೆಲಸ ಶುರುವಾಗಬಾರದು, ಗಿರಾಕಿ ಕೂಗಾಡಿದರೂ, ಮಾಲೀಕರೇ ಬಂದು ನಿಂತರೂ. ಆಗ ಕೈ ಖಾಲಿ ಇದ್ದವರು ಏನು ಮಾಡಬೇಕು? ಪಕ್ಕದವರ ಕೆಂಪು ದಾರ ಬಿಚ್ಚಲು ನೆರವಾಗಬೇಕು. ಬಣ್ಣಗಳು ನೋಡುವವರ ಅನುಕೂಲಕ್ಕೆ ಮಾತ್ರ. ಕೆಲಸ ಓಡಿಸುವುದು ಆ ಖಾಲಿ ಮೊಳೆ. ಶೆಡ್ಡಿನಲ್ಲಿ ಆರು ಜನ ಇದ್ದರೆ ಏಳು ದಾರದಿಂದ ಶುರು ಮಾಡಿ, ವಾರದ ಮೇಲೆ ಒಂದು ತೆಗೆದು ನೋಡಿ.


ಮಾರ್ಚ್ 2

ಅಕ್ಕ,

ಒಂದು ತಿಂಗಳು ನಿನಗೆ ಕಾಗದ ಬರೆಯಲಿಲ್ಲ. ಫೋನಿಗೂ ಬರಲಿಲ್ಲ. ಅಮ್ಮ ಏನು ಕಾರಣ ಹೇಳಿದಳೋ ಗೊತ್ತಿಲ್ಲ, ನಿಜವಾದ ಕಾರಣ ಸಿಟ್ಟು.

ಫೆಬ್ರವರಿ ಹತ್ತಕ್ಕೆ ಮೇಡಂ ಮುಂದೆ ನಿಂತೆ. ನಿನ್ನ ಎರಡನೆಯ ಹಾಳೆ ಕೊಟ್ಟೆ. ಓದಿ, "ಇದು ಮೊದಲೇ ಗೊತ್ತಿದ್ದರೆ ಯಾಕೆ ಮಾಡಲಿಲ್ಲ?" ಎಂದರು. ಆಗ ನಾನು ಮೊದಲನೆಯ ಹಾಳೆಯನ್ನೂ ಕೊಟ್ಟೆ. ನನಗೆ ಮಾತ್ರ ಎಂದು ನೀನು ಬರೆದಿದ್ದೆ, ಗೊತ್ತಿದ್ದೂ ಕೊಟ್ಟೆ. ಎಂಥ ಅಕ್ಕ ಎಂದು ಅವರು ನಿನ್ನನ್ನು ಬೈಯಲಿ, ನಾನು ಕೇಳಿಸಿಕೊಳ್ಳಬೇಕು ಎಂದು ಕೊಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು, "ನೋಡಮ್ಮ, ಇಷ್ಟು ನಿಯಮ ಇರೋ ಕಡೆ ಒಂದೇ ಒಂದನ್ನ ತೆಗೆದು ಪೂರ್ತಿ ಬೀಳಿಸಬೇಕು ಅಂದ್ರೆ ಯಾವುದನ್ನ ತೆಗೀತೀಯ? ನಮ್ಮಲ್ಲಿ ಕೊನೇ ವರ್ಷದವರನ್ನ ಕೇಳಿದ್ರೂ ಬಣ್ಣ ಅಂತಾರೆ. ಇವರು ಬಣ್ಣ ಬಿಟ್ಟು ಸರಿಯಾಗಿ ದಾರದ ಎಣಿಕೆಯ ಕೀಲನ್ನೇ ಎಳೆದಿದಾರೆ. ಎಷ್ಟು ದಿನಕ್ಕೆ ಬೀಳುತ್ತೆ ಅಂತಾನೂ ಲೆಕ್ಕ ಹಾಕಿದಾರೆ. ಇವರು ಎಲ್ಲಿ ಓದಿದ್ದು?" ಎಂದರು.

ಹನ್ನೊಂದು ದಿನ ಇಲ್ಲೇ ಓದಿದ್ದು ಎಂದೆ.

ನನ್ನನ್ನು ಹಾಳು ಮಾಡಲು ನೀನು ಬರೆದ ಸುಳ್ಳನ್ನು ಅವರು ಹೊಗಳುತ್ತಾ ಹೋದರು, ನಾನು ಎದುರಿಗೆ ಕೈಕಟ್ಟಿ ನಿಂತಿದ್ದೆ. ಎರಡನೆಯ ಹಾಳೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ಮಾಲೀಕರೇ ಬಂದು ನಿಂತರೂ ಎಂಬಲ್ಲಿ ಎಲ್ಲರೂ ನಕ್ಕರು, ಒಳ್ಳೆಯ ನಗು. ಮೇಡಂ ಹೇಳಿದ ಮೇಲೆ ಶೆಡ್ಡಿನವರು ಇನ್ನೊಮ್ಮೆ ಒಪ್ಪಿದರು, ಏಳು ದಾರ ಕಟ್ಟಿ ದಿನಕ್ಕೆ ಹನ್ನೆರಡು ಸೈಕಲ್ ಹೊರಗೆ ಹೋದವು. ನಾನು ಪಾಸು. ಆದರೆ ಈಗ ಎಲ್ಲರೂ ಕೇಳುವುದು ನಿನ್ನನ್ನೇ. ಕಾರಿಡಾರಿನಲ್ಲಿ ಸಿಕ್ಕವರೆಲ್ಲ ನಿಮ್ಮಕ್ಕ ಹೇಗಿದ್ದಾರೆ ಎನ್ನುತ್ತಾರೆ. ಇಲ್ಲಿ ಈಗ ನಾನು "ಇವಳು ಇಲ್ಲೇ ಇದ್ದಾಳೆ." ದರ್ಜಿಯ ಎದುರು ಅಪ್ಪ ಆಡಿದ ಮಾತು ನಿನಗೆ ಹೇಗೆ ಉರಿದಿತ್ತು ಎಂದು ಈಗ ಗೊತ್ತಾಯಿತು. ಅವತ್ತು ನಕ್ಕಿದ್ದೆ.

ಇನ್ನೆರಡು ವಿಷಯ ಇವೆ, ಸ್ಪೀಕರಿನಲ್ಲಿ ಎಲ್ಲರ ಎದುರು ಹೇಳಲು ನಾಲಿಗೆ ಏಳುತ್ತಿಲ್ಲ, ಕೈಯಿಂದ ಬರೆಯುತ್ತೇನೆ.

ಒಂದು. ನವೆಂಬರಿನಲ್ಲಿ ನಾನು ನಿನಗೆ "ನಮ್ಮ ಪದ್ಧತಿ" ಎಂದು ಬರೆದೆ. ತರಗತಿಯಲ್ಲಿ ಹಾಗೆ ಹೇಳಿರಲಿಲ್ಲ. ಇದು ಯಾರ ಯೋಚನೆ ಎಂದು ಮೇಡಂ ಕೇಳಿದಾಗ ನಾನು "ನನ್ನದು" ಎಂದಿದ್ದೆ. ಶೆಡ್ಡಿನಲ್ಲಿ ಎಲ್ಲ ಮುಳುಗಿದಾಗ ಅಕ್ಕ ಹೇಳಿದ್ದು ಎನ್ನಲು ಅದಕ್ಕೇ ಬಾಯಿ ಬರಲಿಲ್ಲ.

ಎರಡು. ಕೆಲಸದ ಅನುಭವ ಇರುವವರಿಗೆಂದು ಇಲ್ಲಿ ವರ್ಷಕ್ಕೆ ಆರು ಸೀಟು ಇಟ್ಟಿರುತ್ತಾರೆ. ಮೇಡಂ ಫೆಬ್ರವರಿ ಹದಿಮೂರಕ್ಕೆ ಅದರ ಅರ್ಜಿ ಕೊಟ್ಟು, ಅಕ್ಕನಿಗೆ ಇವತ್ತೇ ಕಳಿಸು ಎಂದರು. ನಾನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದೆ. ಹದಿನೇಳು ದಿನ ಅಲ್ಲೇ ಇತ್ತು. ನೀನು ಇಲ್ಲಿಗೆ ಬಂದರೆ ಆ ಕಿಟಕಿಯ ಮೇಜಿನಲ್ಲಿ ಯಾರು ಕೂರುತ್ತಾರೆಂದು ನನಗೆ ಗೊತ್ತಿದೆ. ಇವತ್ತು ಬೆಳಿಗ್ಗೆ ಟ್ರಂಕು ತೆಗೆದು, ಮುಚ್ಚಳದ ಒಳಗಿನ ನನ್ನ ವೇಳಾಪಟ್ಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕಿತ್ತೆ. ಕೆಳಗಿನ ನಿನ್ನದು ಅರ್ಧ ಅದರ ಜೊತೆಗೇ ಕಿತ್ತುಬಂತು. ಮಂಗಳವಾರ, ಗುರುವಾರ ಮಾತ್ರ ಉಳಿದಿವೆ.

ಅರ್ಜಿ ಇದರ ಜೊತೆಗಿದೆ. ಕೊನೆಯ ದಿನ ಮಾರ್ಚ್ ಆರು, ಸಂಜೆ ಐದು ಗಂಟೆ, ಕಚೇರಿಯ ಕಿಟಕಿಯಲ್ಲೇ ಕೊಡಬೇಕು. ಇದು ನಿನ್ನ ಕೈಗೆ ಐದನೇ ತಾರೀಖಿಗೆ ಸೇರಿದರೆ ನಮ್ಮ ಪುಣ್ಯ. ಸೇರದಿದ್ದರೆ ನನ್ನ ಸುಳ್ಳೂ ನಿನ್ನ ಸುಳ್ಳೂ ಒಂದೇ ತೂಕವಲ್ಲ, ನನ್ನದೇ ಭಾರ.

ಗುಂಡುಪಿನ್ನು


ಮಾರ್ಚ್ 6

ಗುಂಡುಪಿನ್ನಿಗೆ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಮೂರಕ್ಕೆ ಬಂತು. ಓದುವಾಗ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಹದಿನೇಳು ದಿನ ಎಂಬಲ್ಲಿಗೆ ಬಂದಾಗ ಕೈಯಲ್ಲಿದ್ದ ಎಣ್ಣೆಯ ಡಬ್ಬಿ ಎಸೆದೆ. ಗೋಡೆಗೆ ಬಿತ್ತು, ಗಿರಾಕಿಗೆ ಅಲ್ಲ. ಆಮೇಲೆ ನನಗೆ ನಗು ಬಂತು. ಎಷ್ಟು ನಕ್ಕೆ ಎಂದರೆ ಅಮ್ಮ ಒಳಗಿಂದ ಓಡಿ ಬಂದಳು. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುವುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ.

ಅಪ್ಪನಿಗೆ ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ. ಅವರು ಎದ್ದು ಮೂರು ದಾರದಲ್ಲಿ ಎರಡನ್ನು ತೆಗೆದು ನನ್ನ ಕೈಯಲ್ಲಿಟ್ಟು, "ಇವು ನಿನ್ನ ಕೈಯವು. ಒಂದರಲ್ಲಿ ಎಷ್ಟಾಗುತ್ತೋ ಅಷ್ಟು ಮಾಡ್ತೀನಿ" ಎಂದರು. ಅಮ್ಮ ಅಳಲಿಲ್ಲ. "ಟ್ರಂಕು ಅವಳು ತಗೊಂಡು ಹೋಗಿದಾಳೆ, ನೀನು ಯಾವುದರಲ್ಲಿ ತುಂಬ್ಕೊಂಡು ಹೋಗ್ತೀಯ?" ಎಂದಳು. ಸೀಟು ಸಿಗುವ ಮೊದಲೇ ಸಾಮಾನು ಕಟ್ಟುವ ಯೋಚನೆ ಅವಳದು.

ಬೆಳಿಗ್ಗೆ ಮೊದಲ ಬಸ್ ಹಿಡಿದೆ, ಏಳು ಗಂಟೆ ಪ್ರಯಾಣ. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬಿದೆ, ಅಕ್ಷರ ಸೊಟ್ಟ. ಹಿಂದಿನ ವಿದ್ಯಾಭ್ಯಾಸ ಎಂಬ ಕಡೆ ಹನ್ನೊಂದು ದಿನ ಎಂದು ಬರೆದೆ. ಅನುಭವ ಎಂಬ ಕಡೆ ಏಳು ವರ್ಷ. ಮೂರೂವರೆಗೆ ಕಚೇರಿಯ ಕಿಟಕಿಯಲ್ಲಿ ಕೊಟ್ಟೆ. ಗುಮಾಸ್ತ ನನ್ನ ಕೈ ನೋಡಿ "ಹಾಳೆ ಮೇಲೆ ಎಣ್ಣೆ ಇದೆ" ಎಂದ. ಇರಲಿ ಎಂದೆ. ಮುದ್ರೆ ಒತ್ತಿದ. ಇನ್ನು ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ಇದನ್ನು ಲೈಬ್ರರಿಯ ಮೂರನೇ ಮಹಡಿಯಲ್ಲಿ, ಎಡಗಡೆಯ ಕೊನೆಯ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಇವತ್ತು ನನ್ನ ಹನ್ನೆರಡನೆಯ ದಿನ. ಮೇಜು ಕುಂಟುತ್ತಿತ್ತು, ಬಂದ ಟಿಕೆಟ್ ಮಡಚಿ ಕಾಲಿಗೆ ಕೊಟ್ಟಿದ್ದೇನೆ. ನಿಮ್ಮ ನಾಲ್ವರ ಮಜಾಕ್ಕೆ ಕಲ್ಲು ಬಿತ್ತು. ಈಗಷ್ಟೇ ನೀನು ಕೆಳಗೆ ನಡೆದು ಹೋದೆ, ಕೈಯಲ್ಲಿ ಟೀ ಲೋಟ, ಪಕ್ಕದಲ್ಲಿ ಯಾರೋ ಹುಡುಗಿ, ನಲ್ಲಿ ರಿಪೇರಿಯವರ ಮಗಳೇ ಇರಬೇಕು. ಅವಳ ಮಾತಿಗೆ ನೀನು ತಲೆ ಎತ್ತಿ ನಗುತ್ತಿದ್ದೆ. ನನಗೆ ಅವಳ ಮೇಲೂ ಹೊಟ್ಟೆಕಿಚ್ಚಾಯಿತು. ಕೂಗಲಿಲ್ಲ. ಎದುರಿಗೆ ಬಂದರೆ ಕೆನ್ನೆಗೆ ಬಾರಿಸುತ್ತೇನೋ, ತಬ್ಬಿಕೊಳ್ಳುತ್ತೇನೋ ನನಗೇ ಇನ್ನೂ ಗೊತ್ತಾಗಿಲ್ಲ. ಐದೂವರೆಯವರೆಗೆ ಇಲ್ಲೇ ಇರುತ್ತೇನೆ. ಈ ಕಾಗದವನ್ನು ನಿನ್ನ ಹಾಸ್ಟೆಲ್ ಬಾಗಿಲಲ್ಲಿ ಕೊಡಲು ಲೈಬ್ರರಿಯವರಿಗೆ ಹೇಳಿದ್ದೇನೆ. ಇನ್ನೂರು ಹೆಜ್ಜೆ ಅಷ್ಟೇ, ಇದಕ್ಕೆ ನಾಲ್ಕು ದಿನ ಹಿಡಿಯುವುದಿಲ್ಲ.

ಎರಡು ಕೆಂಪು ದಾರ ನನ್ನ ಚೀಲದಲ್ಲಿವೆ. ಒಂದನ್ನು ನಿನಗೆ ಕೊಡೋಣ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಕೊಡುವುದಿಲ್ಲ. ನಿನ್ನದನ್ನು ನೀನೇ ಕತ್ತರಿಸಿಕೊ.

ಪಕ್ಕದ ಕುರ್ಚಿ ಮಾತ್ರ ಖಾಲಿ ಇಟ್ಟಿದ್ದೇನೆ.

ಅಕ್ಕ